ನಿಲ್ಲಿಸಿದ ಮಾತ್ರೆಗಳ ಲೆಕ್ಕ

ಪ್ರಶ್ನೆ: ನಮ್ಮತ್ತೆಗೆ 66 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಊರಿನಲ್ಲಿ ಗೃಹಪ್ರವೇಶದ ಊಟ ಮಾಡಿಕೊಂಡು ಬಂದ ಮಾರನೇ ದಿನವೇ ವಾಂತಿ-ಭೇದಿ ಶುರುವಾಯಿತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಆಫ್ಲಾಕ್ಸಸಿನ್-ಆರ್ನಿಡಜೋಲ್ ಮಾತ್ರೆ ತಂದು ಎರಡು ದಿನ ಕೊಟ್ಟೆವು. ಬಿ.ಪಿ., ಸಕ್ಕರೆ ಮಾತ್ರೆ ತಪ್ಪಿಸಬಾರದೆಂದು ಅವನ್ನೂ ಕೊಡುತ್ತಿದ್ದೆವು. ಓಆರ್‌ಎಸ್‌ನಲ್ಲಿ ಸಕ್ಕರೆ ಇದೆ ಎಂದು ಭಾವನವರು ಬೇಡ ಅಂದರು. ಎರಡನೇ ರಾತ್ರಿ ಅತ್ತೆಗೆ ಮೈಯೆಲ್ಲ ತಣ್ಣಗೆ ಬೆವರಿ, ಕೈ ನಡುಗಿ, ಏನೇನೋ ಮಾತಾಡಿದರು. ಬೆಳಿಗ್ಗೆ ಎದ್ದು ನಿಂತರೆ ತಲೆ ಸುತ್ತು, ಮೂತ್ರವೂ ಆಗಲಿಲ್ಲ, ಜ್ವರ ಬೇರೆ. ಅಡ್ಮಿಟ್ ಮಾಡಿದೆವು. ಕ್ರಿಯಾಟಿನಿನ್ 2.4, ಪೊಟ್ಯಾಸಿಯಂ 3.0 ಬಂತು.

ಆಸ್ಪತ್ರೆಯಲ್ಲಿ ಒಟ್ಟು ಒಂಬತ್ತು ಔಷಧಿ: ರಿಂಗರ್ ಲ್ಯಾಕ್ಟೇಟ್ ಡ್ರಿಪ್, ಪೊಟ್ಯಾಸಿಯಂ, ಸೆಫ್ಟ್ರಿಯಾಕ್ಸೋನ್, ಮೆಟ್ರೋನಿಡಜೋಲ್, ಪ್ಯಾಂಟೊಪ್ರಜೋಲ್, ಆಂಡಾನ್ಸೆಟ್ರಾನ್, ಪ್ಯಾರಾಸಿಟಮಾಲ್, ಇನ್ಸುಲಿನ್, ಮತ್ತೆ ಕುಡಿಯುವ ಸಣ್ಣ ಬಾಟಲಿಯ ಪ್ರೊಬಯಾಟಿಕ್. ಆದರೆ ದಿನಾ ತಗೊಳ್ಳೋ ಬಿ.ಪಿ. ಮಾತ್ರೆ (ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ್ದು), ಸಕ್ಕರೆ ಮಾತ್ರೆ (ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್) ಎರಡನ್ನೂ ನಿಲ್ಲಿಸಿಬಿಟ್ಟರು. ಬೇಡದ್ದನ್ನು ತುಂಬಿ ಬೇಕಾದ್ದನ್ನೇ ನಿಲ್ಲಿಸಿದ್ದಾರೆ ಎಂದು ಭಾವ ವಾರ್ಡಿನಲ್ಲೇ ಜಗಳ ಮಾಡಿದರು. ನಾಲ್ಕನೇ ದಿನ ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು, ಡಿಸ್ಚಾರ್ಜ್ ಆಯಿತು. ಮೂತ್ರಪಿಂಡ ನಾರ್ಮಲ್ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಮನೆಗೆ ಬಂದು ಮೂರು ದಿನ. ಸೆಫಿಕ್ಸಿಮ್ ಐದು ದಿನ, ಪ್ಯಾಂಟೊಪ್ರಜೋಲ್ ಒಂದು ತಿಂಗಳು ಎಂದು ಬರೆದಿದ್ದಾರೆ. ಹಳೇ ಮಾತ್ರೆಗಳ ಸುದ್ದಿಯೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲ. ಬಿ.ಪಿ. 150/90 ಇದೆ, ಬೆಳಗಿನ ಸಕ್ಕರೆ 190. ಭಾವ ಇವತ್ತೇ ಎಲ್ಲ ಶುರುಮಾಡು ಅನ್ನುತ್ತಾರೆ, ನಮ್ಮ ಯಜಮಾನರು ತಡಿ ಅನ್ನುತ್ತಾರೆ. ಮಾತ್ರೆ ಕೊಡೋಳು ನಾನು. ಏನು ಮಾಡಲಿ? ಅಂದ ಹಾಗೆ ಮಂಡಿನೋವಿಗೆ ಅಸೆಕ್ಲೋಫೆನಾಕ್ ತಗೊಳ್ತಾರೆ, ಅದನ್ನು ಕೊಡಬಹುದಲ್ಲ?
— ಒಬ್ಬ ಸೊಸೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಇದು ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವಾದ್ದರಿಂದ ಮುಖ್ಯವಾದ ಮಾತನ್ನು ನಿಮಗೆ ಫೋನಿನಲ್ಲೇ ಹೇಳಿದೆ: ನೋವಿನ ಮಾತ್ರೆ ಕೊಡಬೇಡಿ, ಹಳೇ ಮಾತ್ರೆಗಳನ್ನು ನೀವಾಗಿ ಶುರುಮಾಡಬೇಡಿ, ಇವತ್ತೇ ಆ ಡಾಕ್ಟರಿಗೆ ಕರೆ ಮಾಡಿ. ಯಾಕೆ ಎನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಇಂಥ ಪತ್ರ ಬೇರೆ ಬೇರೆ ಮನೆಗಳಿಂದಲೂ ಬರುತ್ತಿರುತ್ತದೆ.

ವಾರ್ಡಿನಲ್ಲಿ ಔಷಧಿ ಚಾರ್ಟ್ ಓದುವುದೇ ನನ್ನ ಉದ್ಯೋಗ. ನಿಮ್ಮ ಪತ್ರದಲ್ಲಿ ಆಸ್ಪತ್ರೆಯ ಒಂಬತ್ತು ಔಷಧಿಗಳ ಹೆಸರು ಒಂದೂ ತಪ್ಪದೆ ಇದೆ. ಮಂಡಿನೋವಿನ ಮಾತ್ರೆ ಮಾತ್ರ ಕೊನೆಯಲ್ಲಿ, ‘ಅಂದ ಹಾಗೆ’ ಎಂದು ಬಂದಿದೆ. ನನ್ನ ಕಣ್ಣು ಮೊದಲು ನಿಂತದ್ದು ಅಲ್ಲೇ. ಅಡ್ಮಿಷನ್ ಹೊತ್ತಿನಲ್ಲಿ ಇದನ್ನು ಡಾಕ್ಟರಿಗೆ ಹೇಳಿದ್ದಿರಾ ಎಂದು ಫೋನಿನಲ್ಲಿ ಕೇಳಿದಾಗ, ಅದು ಔಷಧಿ ಅಂತಲೇ ಅನಿಸಲಿಲ್ಲ ಎಂದಿರಿ. ಬಹುಪಾಲು ಮನೆಗಳಲ್ಲಿ ಹೀಗೇ. ಸಕ್ಕರೆ, ಬಿ.ಪಿ. ಮಾತ್ರೆ ಲೆಕ್ಕಕ್ಕೆ ಬರುತ್ತವೆ. ನೋವಿನ ಮಾತ್ರೆ, ಗ್ಯಾಸ್ ಮಾತ್ರೆ, ಪರಿಚಯದವರು ಕೊಟ್ಟ ಚೂರ್ಣ ಇವು ಲೆಕ್ಕಕ್ಕೇ ಬರುವುದಿಲ್ಲ.

ಅತ್ತೆಯವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದು ಹೇಗೆ ಎಂದು ನೋಡಿ. ವಾಂತಿ-ಭೇದಿಯಲ್ಲಿ ನೀರು, ಉಪ್ಪು ಎರಡೂ ಹೋಗುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡ ತನ್ನ ಸೋಸುವ ಕೆಲಸ ನಿಲ್ಲದಂತೆ ಎರಡು ಉಪಾಯ ಮಾಡುತ್ತದೆ: ರಕ್ತ ಒಳಬರುವ ಸಣ್ಣ ನಾಳವನ್ನು ಹಿಗ್ಗಿಸುತ್ತದೆ, ಹೊರಹೋಗುವ ನಾಳವನ್ನು ಬಿಗಿ ಮಾಡುತ್ತದೆ. ಹಾಗೆ ಮಾಡಿದಾಗ ಒಳಗಿನ ಒತ್ತಡ ಉಳಿಯುತ್ತದೆ. ಅಸೆಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಮೊದಲನೆಯದಕ್ಕೆ ಅಡ್ಡ ಬರುತ್ತದೆ. ಟೆಲ್ಮಿಸಾರ್ಟಾನ್ ಎರಡನೆಯದಕ್ಕೆ ಅಡ್ಡ ಬರುತ್ತದೆ. ಹೈಡ್ರೋಕ್ಲೋರೋಥಯಜೈಡ್ ಅಂತೂ ಇರುವ ನೀರನ್ನೂ, ಜೊತೆಗೆ ಪೊಟ್ಯಾಸಿಯಮ್ಮನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆರೋಗ್ಯವಾಗಿದ್ದಾಗ ಟೆಲ್ಮಿಸಾರ್ಟಾನ್ ಒಳ್ಳೆಯ ಔಷಧಿ, ಸಕ್ಕರೆ ಇರುವವರ ಮೂತ್ರಪಿಂಡವನ್ನು ಕಾಪಾಡುವುದೇ ಅದು. ಭೇದಿಯ ಆ ಎರಡು ದಿನ ಮಾತ್ರ ಅದು ವಿರುದ್ಧ ಕೆಲಸ ಮಾಡಿತು. ಈ ಮೂರೂ ಒಟ್ಟಿಗೆ ಹೋಗಿ, ಮೇಲೆ ನೀರೂ ಇಲ್ಲದಾಗ 2.4 ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆ ರಾತ್ರಿಯ ತಣ್ಣನೆ ಬೆವರು, ಕೈ ನಡುಕ, ಅಸಂಬದ್ಧ ಮಾತು? ನಿಮ್ಮ ಮನೆಯವರು ಅದನ್ನು ಸುಸ್ತು ಅಂದುಕೊಂಡಿರಿ. ನನಗೆ ಅದು ಸಕ್ಕರೆ ಕುಸಿದ ಲಕ್ಷಣದ ಹಾಗೆ ಕಾಣುತ್ತದೆ. ಆಗ ಅಳೆದು ನೋಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಮೂತ್ರಪಿಂಡ ಕುಗ್ಗಿದಾಗ ಅದರ ಪ್ರಭಾವ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಮೆಡಿಕಲ್‌ನಿಂದ ತಂದ ಆಫ್ಲಾಕ್ಸಸಿನ್ ಗ್ಲಿಮೆಪಿರೈಡ್ ಜೊತೆ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದಿಲ್ಲ, ಏಕೆಂದರೆ ನೀವು ಹೇಳಿಲ್ಲ. ಹೇಳಿ. ಮುಂದೆ ಯಾವ ಸಕ್ಕರೆ ಮಾತ್ರೆ ಬರೆಯಬೇಕು ಎನ್ನುವುದು ಈ ಒಂದು ರಾತ್ರಿಯ ಮೇಲೆ ನಿಂತಿದೆ.

ಈಗ ಭಾವನವರ ಜಗಳಕ್ಕೆ ಬರೋಣ. ಆ ಡಾಕ್ಟರು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ನನ್ನನ್ನು ಕೇಳಿದರೆ, ಆ ಎರಡು ಮಾತ್ರೆ ನಿಲ್ಲಿಸಿದ್ದು ಎನ್ನುತ್ತೇನೆ. ಮೂತ್ರಪಿಂಡ ಕುಗ್ಗಿ ನೀರಿಲ್ಲದ ಸ್ಥಿತಿಯಲ್ಲಿ ಮೆಟ್‌ಫಾರ್ಮಿನ್ ಮುಂದುವರಿಸಿದರೆ ಅಪರೂಪಕ್ಕಾದರೂ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿರುತ್ತದೆ, ಮೆಟ್‌ಫಾರ್ಮಿನ್ ತಾನೇ ಭೇದಿಯನ್ನು ಹೆಚ್ಚಿಸುವುದೂ ಉಂಟು. ಆ ನಾಲ್ಕು ದಿನಕ್ಕೆ ಇನ್ಸುಲಿನ್ ಕೊಟ್ಟದ್ದು ಸರಿಯಾದ ಬದಲಿ: ಬೇಕಾದಾಗ ಹೆಚ್ಚಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ಔಷಧಿ ಬರೆದಾಗ ನಾವೆಲ್ಲ ಡಾಕ್ಟರು ಏನೋ ಮಾಡಿದರು ಎಂದುಕೊಳ್ಳುತ್ತೇವೆ. ನಿಲ್ಲಿಸಿದರೆ ಕೈಬಿಟ್ಟರು ಅನಿಸುತ್ತದೆ. ಹೊಟ್ಟೆಯ ಸೋಂಕಿನಲ್ಲಿ ಚಿಕಿತ್ಸೆಯನ್ನು ಅಳೆಯುವಾಗ ನಾನು ಚಾರ್ಟಿನಲ್ಲಿ ಮೊದಲು ಹುಡುಕುವುದೇ ಹೊಡೆದುಹಾಕಿದ ಸಾಲುಗಳನ್ನು.

ಆಮೇಲೆ ನೀರಿನ ಲೆಕ್ಕ. ಒಂಬತ್ತು ಔಷಧಿಗಳಲ್ಲಿ ಅತ್ತೆಯವರನ್ನು ಎಬ್ಬಿಸಿ ಕೂರಿಸಿದ್ದು ರಿಂಗರ್ ಲ್ಯಾಕ್ಟೇಟ್ ಮತ್ತು ಪೊಟ್ಯಾಸಿಯಂ, ನಮ್ಮ ಜನ ‘ಗ್ಲೂಕೋಸ್ ಹಾಕಿದರು’ ಎಂದು ಒಂದೇ ಮಾತಲ್ಲಿ ಮುಗಿಸಿಬಿಡುವ ಆ ಬಾಟಲಿ. ಅದರಲ್ಲಿ ಗ್ಲೂಕೋಸೇ ಇರುವುದಿಲ್ಲ, ಇರುವುದು ಉಪ್ಪುಗಳು. ಮೊದಲ ದಿನವೇ ಓಆರ್‌ಎಸ್ ಕುಡಿಸಿದ್ದರೆ ಬಹುಶಃ ಅದರ ಅಗತ್ಯವೇ ಬರುತ್ತಿರಲಿಲ್ಲ. ಭಾವನವರ ಸಕ್ಕರೆಯ ಭಯ ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ನೋಡಿ: ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ, ಅಂದರೆ ಸುಮಾರು ಮೂರು ಚಮಚ. ಆ ಗ್ಲೂಕೋಸ್ ರುಚಿಗಲ್ಲ, ಕರುಳಿನ ಗೋಡೆ ಉಪ್ಪನ್ನು, ಉಪ್ಪಿನ ಹಿಂದೆ ನೀರನ್ನು ಒಳಗೆಳೆದುಕೊಳ್ಳಲು ಅದು ಬೇಕೇಬೇಕು. ಸಕ್ಕರೆ ಕಾಯಿಲೆಯವರೂ ಕುಡಿಯಬೇಕು, ಸಕ್ಕರೆ ಅಳೆಯುತ್ತಿದ್ದರಾಯಿತು. ಅಂಗಡಿಯಲ್ಲಿ ಹಣ್ಣಿನ ಚಿತ್ರ ಹಾಕಿ ಮಾರುವ ಸಿಹಿ ಪೊಟ್ಟಣಗಳ ಮಾತು ಬೇರೆ. ಅಂಥವು ತಮ್ಮ ಮೇಲೆ ಓಆರ್‌ಎಸ್ ಎಂದು ಬರೆದುಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಪುಡಿಯ ಪೊಟ್ಟಣ ತನ್ನಿ, ಸೂತ್ರ ಓದಿ, ಬರೆದಷ್ಟೇ ನೀರಿಗೆ ಕಲಸಿ.

1971ರ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಇದೇ ಉಪ್ಪು-ಗ್ಲೂಕೋಸ್ ನೀರು ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಅಷ್ಟು ಹೊತ್ತಿಗೆ ನಮ್ಮ ಮನೆಗಳಲ್ಲಿ ಭೇದಿ ಅಂದರೆ ಮೊದಲು ನೆನಪಾಗುವುದು ‘ಪವರ್ ಇರೋ ಮಾತ್ರೆ’ ಎಂದಾಗಿಬಿಟ್ಟಿತ್ತು.

ಆ್ಯಂಟಿಬಯಾಟಿಕ್ ವಿಚಾರದಲ್ಲಿ ನಾನು ಭಾವನವರ ಪಕ್ಷವೂ ಅಲ್ಲ, ಆಸ್ಪತ್ರೆಯ ಪಕ್ಷವೂ ಅಲ್ಲ. ಆರೋಗ್ಯವಂತ ವಯಸ್ಕರಿಗೆ ಬರುವ ನೀರಾದ ಭೇದಿ ಬಹುತೇಕ ತಾನಾಗಿ ನಿಲ್ಲುತ್ತದೆ. ಅದಕ್ಕೆ ಆ್ಯಂಟಿಬಯಾಟಿಕ್ ಬೇಡ. ಮಲದಲ್ಲಿ ರಕ್ತ, ಜೊತೆಗೆ ಜ್ವರ, ಕಾಲರಾ, ಟೈಫಾಯ್ಡ್, ರೋಗನಿರೋಧಕ ಶಕ್ತಿ ಕುಂದಿದವರು, ಸೋಂಕು ರಕ್ತಕ್ಕೆ ಏರಿರಬಹುದೆಂಬ ಗುಮಾನಿ — ಇಂಥಲ್ಲಿ ಬೇಕು. ಅತ್ತೆಯವರಿಗೆ ವಯಸ್ಸಾಗಿದೆ, ಸಕ್ಕರೆ ಇದೆ, ಜ್ವರ ಇತ್ತು, ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ರಕ್ತದ ಕಲ್ಚರ್ ವರದಿ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಸೆಫ್ಟ್ರಿಯಾಕ್ಸೋನ್ ಕೊಟ್ಟದ್ದು ಸಮಂಜಸ. ಮೂತ್ರಪಿಂಡ ಕುಗ್ಗಿದ್ದರೂ ಅದರ ಡೋಸ್ ಸಾಮಾನ್ಯವಾಗಿ ಇಳಿಸಬೇಕಿಲ್ಲ. ಅಮಿಕಾಸಿನ್ ಕೊಟ್ಟಿದ್ದರೆ ಮಾತ್ರ ನಾನು ತಕರಾರು ತೆಗೆಯುತ್ತಿದ್ದೆ, ಅದು ಮೂತ್ರಪಿಂಡಕ್ಕೇ ಹೊರೆ. ವಾರ್ಡಿನಲ್ಲಿ ಕಣ್ಣಿಡುವ ಒಂದು ಸಣ್ಣ ವಿಷಯ: ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ, ಸೆಫ್ಟ್ರಿಯಾಕ್ಸೋನ್ ಅದರೊಂದಿಗೆ ಬೆರೆತರೆ ಗಸಿ ಕಟ್ಟುತ್ತದೆ. ಆದ್ದರಿಂದ ಡ್ರಿಪ್ ನಿಲ್ಲಿಸಿ, ನಳಿಗೆ ತೊಳೆದು, ಆಮೇಲೆ ಇಂಜೆಕ್ಷನ್ ಕೊಡಬೇಕು. ಸಿಸ್ಟರ್ ಹಾಗೆ ಮಾಡುತ್ತಿದ್ದರು ಎಂದು ನೀವು ಹೇಳಿದಿರಿ. ಚೊಕ್ಕ ಕೆಲಸ.

ಮೆಟ್ರೋನಿಡಜೋಲ್ ಮೇಲೆ ಮಾತ್ರ ನನಗೆ ಪ್ರಶ್ನೆಯಿದೆ. ಅದು ಅಮೀಬಾಕ್ಕೆ, ಕೆಲವು ಬಗೆಯ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದು. ಮಲದಲ್ಲಿ ರಕ್ತವಿಲ್ಲ, ಆಮಶಂಕೆಯಿಲ್ಲ, ಪರೀಕ್ಷೆಯಲ್ಲಿ ಅಮೀಬಾ ಕಂಡಿಲ್ಲ. ನಮ್ಮ ದೇಶದಲ್ಲಿ ಹೊಟ್ಟೆ ಕೆಟ್ಟಿತು ಅಂದರೆ ಇಂಥದ್ದೊಂದನ್ನು ಸೇರಿಸಿಬಿಡುವುದು ರೂಢಿಯಾಗಿಹೋಗಿದೆ. ಮೆಡಿಕಲ್‌ನಲ್ಲಿ ಕೊಟ್ಟ ಮಾತ್ರೆಯಲ್ಲೂ ಅದರದೇ ಬಂಧು ಆರ್ನಿಡಜೋಲ್ ಇತ್ತು. ಆ ಎರಡು ದಿನದ ಮಾತ್ರೆ ಇನ್ನೊಂದು ತೊಂದರೆಯನ್ನೂ ಮಾಡಿತು: ಆ್ಯಂಟಿಬಯಾಟಿಕ್ ಹೊಟ್ಟೆಗೆ ಹೋದ ಮೇಲೆ ಮಲದ ಕಲ್ಚರ್ ಕಳಿಸಿದರೆ ರೋಗಾಣು ಸಿಗುವುದು ಕಷ್ಟ. ಯಾವ ರೋಗಾಣು ಎಂದು ಇನ್ನು ಯಾರೂ ಹೇಳಲಾರರು. ಗೊತ್ತಿಲ್ಲದ್ದಕ್ಕೆ ಕುರುಡಾಗಿ ಗುರಿಯಿಡುವ ಪರಿಸ್ಥಿತಿಗೆ ಆಸ್ಪತ್ರೆಯನ್ನು ತಂದದ್ದರಲ್ಲಿ ಮನೆಯ ಪಾಲೂ ಇದೆ. ಇದು ಬೈಗುಳವಲ್ಲ, ಕೌಂಟರಿನಲ್ಲಿ ಚೀಟಿಯಿಲ್ಲದೆ ಅದನ್ನು ಕೊಟ್ಟವರ ಪಾಲು ನಿಮ್ಮದಕ್ಕಿಂತ ದೊಡ್ಡದು.

ಉಳಿದವನ್ನು ಬೇಗ ಮುಗಿಸುತ್ತೇನೆ. ವಾಂತಿಗೆ ಆಂಡಾನ್ಸೆಟ್ರಾನ್ ಬೇಕಿತ್ತು. ಅದು ಮತ್ತು ಆಫ್ಲಾಕ್ಸಸಿನ್ ಎರಡೂ ಹೃದಯದ ಲಯದ ಮೇಲೆ ಪ್ರಭಾವ ಬೀರುವಂಥವು, ಪೊಟ್ಯಾಸಿಯಂ 3.0 ಇದ್ದಾಗ ಇನ್ನೂ ಹೆಚ್ಚು, ಆದ್ದರಿಂದ ಇ.ಸಿ.ಜಿ. ಮಾಡಿಸಿದ್ದು ಬಿಲ್ ಏರಿಸಲು ಅಲ್ಲ. ಪ್ಯಾರಾಸಿಟಮಾಲ್ ಸರಿ. ಪ್ರೊಬಯಾಟಿಕ್‌ನಿಂದ ನಷ್ಟವೇನಿಲ್ಲ, ದೊಡ್ಡ ಲಾಭದ ಪುರಾವೆಯೂ ಗಟ್ಟಿಯಿಲ್ಲ. ಪ್ಯಾಂಟೊಪ್ರಜೋಲ್ ಯಾಕೆ ಒಂದು ತಿಂಗಳು ಎಂದು ಮಾತ್ರ ಕೇಳಿ. ಹೊಟ್ಟೆಯ ಆಮ್ಲ ಊಟದ ಜೊತೆ ಒಳಬರುವ ರೋಗಾಣುಗಳಿಗೆ ಮೊದಲ ತಡೆ. ಅದನ್ನು ಸುಮ್ಮನೆ ತಗ್ಗಿಸಿದರೆ ಕರುಳಿನ ಸೋಂಕು ಮತ್ತೆ ಬರುವ ಸಂಭವ ಹೆಚ್ಚುತ್ತದೆ. ಎದೆಯುರಿ, ಹುಣ್ಣು ಇಲ್ಲದಿದ್ದರೆ ಬಹುಶಃ ಡಾಕ್ಟರೇ ನಿಲ್ಲಿಸಿ ಎನ್ನುತ್ತಾರೆ. ಸೆಫಿಕ್ಸಿಮ್ ಬಗ್ಗೆಯೂ ಹಾಗೆಯೇ: ನಾಲ್ಕು ದಿನ ಇಂಜೆಕ್ಷನ್ ಆಗಿದೆ, ಭೇದಿ-ಜ್ವರ ಎರಡೂ ನಿಂತಿವೆ, ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಇನ್ನೂ ಐದು ದಿನ ಬೇಕೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೇಳದೆ ನೀವೇ ನಿಲ್ಲಿಸಬೇಡಿ. ನಿಲ್ಲಿಸಿ ಎಂದರೆ, ಉಳಿದದ್ದನ್ನು ಮುಂದಿನ ಬಾರಿಗೆಂದು ಡಬ್ಬಿಯಲ್ಲಿ ಇಡಲೂಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹಳೇ ಮಾತ್ರೆಗಳ ಮಾತಿಲ್ಲದಿರುವುದು ಆಸ್ಪತ್ರೆಯ ಲೋಪ, ಅದರಲ್ಲಿ ಎರಡು ಮಾತಿಲ್ಲ. ನಿಲ್ಲಿಸಿದ್ದು ಯಾಕೆ, ಮತ್ತೆ ಯಾವಾಗ ಶುರು, ಯಾವ ಪರೀಕ್ಷೆ ನೋಡಿ ಶುರು ಎಂದು ಬರೆದುಕೊಡಬೇಕಿತ್ತು. ಶಾಶ್ವತವಾಗಿ ನಿಲ್ಲಿಸಿದ್ದಾರೆಂದು ತಿಳಿದು ತಿಂಗಳುಗಟ್ಟಲೆ ಬಿಟ್ಟವರನ್ನು ನೋಡಿದ್ದೇನೆ, ಆಟೋ ಇಳಿದ ತಕ್ಷಣ ಎಲ್ಲ ನುಂಗಿಸಿದವರನ್ನೂ ನೋಡಿದ್ದೇನೆ.

ಸಾಮಾನ್ಯ ಕ್ರಮ ಹೀಗೆ: ಊಟ, ನೀರು, ಮೂತ್ರ ಎಲ್ಲ ಮೊದಲಿನಂತಾಗಿ ಒಂದೆರಡು ದಿನ ಕಳೆದ ಮೇಲೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಕೊಂಡು, ಒಂದೊಂದಾಗಿ ಶುರುಮಾಡುತ್ತಾರೆ. 1.3 ನಾರ್ಮಲ್ ಎಂದುಕೊಂಡಿರಲ್ಲ, ಅಲ್ಲೊಂದು ಎಡವಟ್ಟಿದೆ. ಲ್ಯಾಬಿನ ಚೀಟಿಯಲ್ಲಿ ಅದು ಅಂಚಿನಲ್ಲಿ ಕಾಣುತ್ತದೆ ನಿಜ. ಆದರೆ 66 ವರ್ಷದ ಹೆಂಗಸಿಗೆ 1.3 ಅಂದರೆ ಸೋಸುವ ವೇಗ ಸುಮಾರು 45. ಹೋದ ವರ್ಷದ ಚೀಟಿ ಹುಡುಕಿ ಎಂದೆ, 0.9 ಇತ್ತು ಎಂದಿರಿ. ಆಗ ಅದು 70ರ ಹತ್ತಿರ. ಅಂದರೆ ಮೂತ್ರಪಿಂಡ ಚೇತರಿಸಿಕೊಳ್ಳುತ್ತಿದೆ, ಪೂರ್ತಿ ಚೇತರಿಸಿಕೊಂಡಿಲ್ಲ. ಮೆಟ್‌ಫಾರ್ಮಿನ್ ಡೋಸನ್ನು ಅರ್ಧಕ್ಕೆ ಇಳಿಸುವ ಗಡಿಯೂ ಸರಿಸುಮಾರು ಈ 45ರ ಕೆಳಗೇ ಬರುತ್ತದೆ, 30ಕ್ಕಿಂತ ಕೆಳಗಾದರೆ ಕೊಡುವಂತಿಲ್ಲ. ಭಾವನವರ ಅವಸರಕ್ಕೂ ಯಜಮಾನರ ‘ತಡಿ’ಗೂ ಉತ್ತರ ಇರುವುದು ಇನ್ನೊಂದು ರಕ್ತಪರೀಕ್ಷೆಯಲ್ಲಿ.

ಬಿ.ಪಿ. 150/90, ಬೆಳಗಿನ ಸಕ್ಕರೆ 190 ಈ ಕೆಲವು ದಿನದ ಮಟ್ಟಿಗೆ ಗಾಬರಿಯಾಗುವ ಅಂಕಿಗಳಲ್ಲ. ಹಾಗೆಂದು ವಾರಗಟ್ಟಲೆ ಬಿಡುವಂಥವೂ ಅಲ್ಲ. ಬಹುಶಃ ಡಾಕ್ಟರು ಹೈಡ್ರೋಕ್ಲೋರೋಥಯಜೈಡ್ ಇಲ್ಲದ ಬಿ.ಪಿ. ಮಾತ್ರೆ ಬರೆಯಬಹುದು, ಗ್ಲಿಮೆಪಿರೈಡ್ ಬದಲಿಸಬಹುದು. ಅದು ಅವರ ತೀರ್ಮಾನ. ನಿಮ್ಮ ಕೆಲಸ ಅವರಿಗೆ ಗೊತ್ತಿಲ್ಲದ್ದನ್ನು ಗೊತ್ತುಮಾಡಿಸುವುದು. ಫೋನ್ ಮಾಡಿದಾಗ ಭಾವನವರ ಹಾಗೆ ‘ಯಾಕೆ ಇಷ್ಟೊಂದು ಕೊಟ್ಟಿರಿ’ ಎಂದು ಶುರುಮಾಡಬೇಡಿ, ಎದುರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ‘ಡಾಕ್ಟ್ರೇ, ಇದರಲ್ಲಿ ಯಾವುದನ್ನು ಈಗ ನಿಲ್ಲಿಸಬಹುದು, ಹಳೇದರಲ್ಲಿ ಯಾವುದನ್ನು ಯಾವತ್ತಿನಿಂದ ಶುರುಮಾಡಬೇಕು’ ಎಂದು ಕೇಳಿ. ರೌಂಡ್ಸ್ ಅವಸರದಲ್ಲಿದ್ದವರೂ ಈ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಾರೆ. ಆಮೇಲೆ ಅಸೆಕ್ಲೋಫೆನಾಕ್, ಆಫ್ಲಾಕ್ಸಸಿನ್, ಆ ರಾತ್ರಿಯ ಬೆವರು, ಈ ಮೂರನ್ನೂ ಹೇಳಿ. ಫಾರ್ಮಸಿ ಕಾಲೇಜು ಜೊತೆಗಿರುವ ದೊಡ್ಡ ಆಸ್ಪತ್ರೆಗಳಲ್ಲಿ ಇಂಥದ್ದಕ್ಕೆಂದೇ ಕ್ಲಿನಿಕಲ್ ಫಾರ್ಮಸಿಸ್ಟರೂ ಫಾರ್ಮ್.ಡಿ. ಓದುವ ಹುಡುಗ-ಹುಡುಗಿಯರೂ ವಾರ್ಡಿನಲ್ಲಿ ಇರುತ್ತಾರೆ. ನಮ್ಮ ದೇಶದಲ್ಲಿ ಆ ಕೋರ್ಸ್ ಶುರುವಾದದ್ದು 2008ರಲ್ಲಿ. ಬಿಳಿ ಕೋಟು ಹಾಕಿ ಫೈಲ್ ಹಿಡಿದು ‘ಮನೇಲಿ ಬೇರೆ ಏನಾದ್ರೂ ಮಾತ್ರೆ ತಗೊಳ್ತಾರಾ’ ಎಂದು ಕೇಳಲು ಬಂದರೆ ಓದೋ ಮಕ್ಕಳು ಎಂದು ಕಳಿಸಿಬಿಡಬೇಡಿ, ಕೂರಿಸಿ ಮಾತಾಡಿ.

ಇನ್ನೊಂದು ಮಾತು, ಎಳನೀರಿನದು. ಶಕ್ತಿ ಬರಲೆಂದು ದಿನಕ್ಕೆ ಮೂರು ಕೊಡುತ್ತಿದ್ದೀರಿ ಎಂದು ಫೋನಿನಲ್ಲಿ ಗೊತ್ತಾಯಿತು. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಹಾಗಾಗಿ ಓಆರ್‌ಎಸ್‌ಗೆ ಬದಲಿಯಲ್ಲ. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ಸರಿಹೋಗಿದೆ. ಮೂತ್ರಪಿಂಡ ಇನ್ನೂ ಪೂರ್ತಿ ಸರಿಯಾಗದಿರುವಾಗ, ಅದರಲ್ಲೂ ಟೆಲ್ಮಿಸಾರ್ಟಾನ್ ಮತ್ತೆ ಶುರುವಾದ ಮೇಲೆ, ಅದು ಮಿತಿಮೀರಿ ಏರಬಹುದು. ಪರೀಕ್ಷೆ ಆಗುವವರೆಗೆ ಗಂಜಿ, ತಿಳಿಮಜ್ಜಿಗೆ, ಸಾರನ್ನ ಸಾಕು.

ಮೂತ್ರ ಮತ್ತೆ ಕಡಿಮೆಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಮಂಪರು ಅಥವಾ ಗೊಂದಲದ ಮಾತು ಕಂಡರೆ, ಮಲದಲ್ಲಿ ರಕ್ತ ಕಂಡರೆ ಫೋನಿಗೆ ಕಾಯದೆ ಕರೆದುಕೊಂಡು ಹೋಗಿ. ಮುಂದಿನ ಕೆಲವು ವಾರದಲ್ಲಿ ಮತ್ತೆ ಭೇದಿ ಶುರುವಾದರೆ ಮನೆಯಲ್ಲಿ ಯಾವ ಭೇದಿ ಮಾತ್ರೆಯನ್ನೂ ಕೊಡಬೇಡಿ. ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಅದೇ ಕಾರಣಕ್ಕೆ ಬರುವ ಇನ್ನೊಂದು ಬಗೆಯ ಭೇದಿ ಉಂಟು, ಅದರ ಚಿಕಿತ್ಸೆಯೇ ಬೇರೆ.

ಮಂಡಿನೋವು ಸುಳ್ಳಲ್ಲ, ಅತ್ತೆಯವರು ಅದನ್ನು ಸಹಿಸಿಕೊಂಡಿರಲಿ ಎಂದೂ ನಾನು ಹೇಳುವುದಿಲ್ಲ. ಸದ್ಯಕ್ಕೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಮುಲಾಮು, ಬಿಸಿ ಶಾಖ. ಮೂಳೆ ಡಾಕ್ಟರ ಹತ್ತಿರ ಹೋಗುವಾಗ ಹೊಸ ಕ್ರಿಯಾಟಿನಿನ್ ಚೀಟಿ, ಹೋದ ವರ್ಷದ್ದು, ಆಸ್ಪತ್ರೆಯ ಸಮ್ಮರಿ ಮೂರನ್ನೂ ಒಯ್ಯಿರಿ. ಡಬ್ಬಿಯಲ್ಲಿರುವ ಅಸೆಕ್ಲೋಫೆನಾಕ್ ಸ್ಟ್ರಿಪ್ಪನ್ನು ಎಸೆಯಬೇಡಿ, ಅದನ್ನೂ ತೆಗೆದುಕೊಂಡು ಹೋಗಿ ತೋರಿಸಿ.